ಆಯುಷ್ಯ ಕೊಡುವ ದೃಶ್ಯ

ಸಾಗರ
೯ ಮಾರ್ಚ್ ೨೦೨೫

ಶ್ರೇಯಾಳ ಅಪ್ಪನಿಗೆ ಚಂದ್ರಮತಿಯ ಜೈ ಜಿನೇಂದ್ರ.

ಹೇಗಿದ್ದೀರಿ? ಮುನಿಸಂಘದ ಜೊತೆ ಬರಿಗಾಲಲ್ಲಿ ನಡೆದು ಹೊಂಬುಜ ಮುಟ್ಟಿದಿರೆಂದು ತಿಳಿಯಿತು. ಈ ಬಿಸಿಲಿಗೆ ಡಾಂಬರು ಕಾದಿರುತ್ತದೆ. ಎಡ ಮೊಣಕಾಲಿನ ಬಾವು ಇಳಿಯಿತೆ? ಒಪ್ಪೊತ್ತಿನ ಊಟ ನಿಮಗೆ ಒಗ್ಗಿರಬಹುದು; ನನಗೆ ಮಾತ್ರ ಒಬ್ಬಳಿಗಾಗುವಷ್ಟು ಅನ್ನ ಮಾಡುವ ಅಂದಾಜು ಇನ್ನೂ ಸಿಕ್ಕಿಲ್ಲ. ಶ್ರೇಯಾ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಫೋನ್ ಮಾಡಿದಾಗಲೆಲ್ಲ ನಿಮ್ಮನ್ನೇ ಕೇಳುತ್ತಾಳೆ.

ಕೇಳಿದರೆ ನಗುತ್ತೀರಿ, ನಾನೊಂದು ಸಿನಿಮಾದಲ್ಲಿ ಪಾತ್ರ ಮಾಡಿದೆ. ಪಕ್ಕದ ಮನೆಯ ನಿಶಾಂತ್ ಮತ್ತವನ ಗೆಳೆಯರು ಜೋಗದ ಖಾಲಿ ಕ್ವಾರ್ಟರ್ಸಿನಲ್ಲಿ ತೆಗೆಯುತ್ತಿದ್ದಾರೆ. ಮುಂದೆಂದೋ ಬರುವ ಕಾಲದ ಕಥೆ. ಅಲ್ಲಿ ದುಡ್ಡಿಲ್ಲ, ಆಯುಷ್ಯವೇ ದುಡ್ಡು. ಉಳಿದದ್ದೆಷ್ಟೆಂದು ಮುಂಗೈ ಮೇಲೆ ಹೊಳೆಯುತ್ತಿರುತ್ತದೆ. ಚಹಾ ಕುಡಿದರೂ ಅದರಲ್ಲೇ ಕಡಿತ. ಉಳ್ಳವರಿಗೆ ಸಾವಿಲ್ಲ, ಇಲ್ಲದವರು ಬಸ್‌ಸ್ಟ್ಯಾಂಡಿನಲ್ಲೇ ಕುಸಿದು ಬೀಳುತ್ತಾರೆ. ಸಾಯಲಿರುವ ಗಂಡನ ಕೈ ಹಿಡಿದು, ತನಗೊಂದು ದಿನ ಇಟ್ಟುಕೊಂಡು, ಮಿಕ್ಕಿದ್ದನ್ನೆಲ್ಲ ಅವನಿಗೆ ಕೊಡುವ ಹೆಂಡತಿ ನಾನು. ಗಂಡನಾಗಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಗಿರಿಧರ ಭಟ್ಟರು.

“ಅಮ್ಮಾ, ನಗ್ತಾ ಕೊಡ್ಬೇಕು. ಕೊಟ್ ತಕ್ಷಣ ಅವ್ರು ಎದ್ ಹೋಗ್ತಾರೆ, ನೀವು ತಡೀಬಾರ್ದು,” ಎಂದಿದ್ದ ನಿಶಾಂತ್. ನಕ್ಕೆ, ಕೊಟ್ಟೆ. ಭಟ್ಟರು ಏಳುವ ಹೊತ್ತಿಗೆ ಯಾರೂ ಹೇಳಿಕೊಡದ ಮಾತು ನನ್ನ ಬಾಯಿಂದ ಬಂತು: “ಇಷ್ಟ್ ಬೇಗ ಹೊರಟ್ರಾ? ಸ್ವಲ್ಪ ಕೂತ್ಕೊಳಿ.” ಅವರು ಗಲಿಬಿಲಿಗೊಂಡು, “ಆಯ್ತು ಮಾರಾಯ್ತಿ, ಕೂತೆ,” ಎಂದು ಕೂತೇಬಿಟ್ಟರು. ಯಾರೂ ನಗಲಿಲ್ಲ. ಕ್ಯಾಮೆರಾ ನಿಂತ ಮೇಲೂ ಅವರ ಕೈ ಬಿಡಬೇಕೆಂದು ನನಗೆ ಹೊಳೆಯಲಿಲ್ಲ. ನಿಶಾಂತನೇ ಬಂದು ಮೆಲ್ಲಗೆ ಬಿಡಿಸಿದ. ನಾಚಿಕೆಯಾಯಿತು. ಗೋಡೆಯಾಚೆ ಹೋಗಿ ಅತ್ತೆ. ಅವನು ಆ ದೃಶ್ಯವನ್ನು ಹಾಗೇ ಇಟ್ಟುಕೊಳ್ಳುತ್ತಾನಂತೆ. ಮನೆಗೆ ಬಂದು ಇದನ್ನು ಹೇಳೋಣವೆಂದರೆ ಯಾರಿದ್ದಾರೆ? ಅದಕ್ಕೇ ಬರೆದೆ.

ಮುನಿಗಳಿಗೆ ನನ್ನ ನಮೋಸ್ತು. ಕಾಲಿಗೆ ಬಿಡುವು ಕೊಡಿ.

ನಿಮ್ಮ
ಚಂದ್ರಮತಿ

ಮರೆತ ಮಾತು: ನೀವು ಮುನಿದೀಕ್ಷೆ ತೆಗೆದುಕೊಳ್ಳಲು ನನ್ನ ಒಪ್ಪಿಗೆ ಬೇಕೆಂದು ನಿಮ್ಮ ತಮ್ಮ ಪ್ರದೀಪನ ಹತ್ತಿರ ಹೇಳಿ ಕಳಿಸಿದ್ದಿರಿ. ಅವನಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಮನೆ ಬಿಟ್ಟು ಹೊರಟ ದಿನವೂ ನೀವು ನನ್ನನ್ನು ಕೇಳಿರಲಿಲ್ಲ. ಈಗ ನೀವೇ ಬನ್ನಿ. ನನ್ನ ಮುಖ ನೋಡಿ ಕೇಳಿ. ಹೂಂ ಅನ್ನುತ್ತೇನೆ.