ಪುಟ ನೂರ ತೊಂಬತ್ತರ ಖಾಲಿ ಜಾಗ

ಬೀಜಗೋಪುರ,
ಕ್ರಿ.ಶ. 2391, ಫೆಬ್ರವರಿ 30

ಸುಕನ್ಯಾ ಅವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಉಳಿಯುವ ಐದು ದಿನ ಯಾರಿಗೂ ಸೇರಿದ್ದಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಗದ ಬರೆಯುವುದನ್ನು ನಾನು ಕಲಿತದ್ದೇ ನಿಮ್ಮ ಪುಸ್ತಕದಿಂದ. ಅದರ ಮೊದಲ ಪುಟದಲ್ಲಿ ನೀವು ಪೆನ್ಸಿಲಿನಲ್ಲಿ ಬರೆದ ನಿಮ್ಮ ಹೆಸರೂ 2024 ಎಂಬ ಇಸವಿಯೂ ಇವೆ.

ನಾನು ತಾರಿಣಿ, ವಯಸ್ಸು ಐವತ್ತನಾಲ್ಕು, ಈ ಗುಡ್ಡದ ಮೇಲೆ ಬೀಜ ಕಾಯುವವಳು. ಬೆಳಿಗ್ಗೆ ಎದ್ದು ರಾಗಿಯ ತಟ್ಟೆಗಳನ್ನು ಮಗುಚುತ್ತೇನೆ, ಕೋಣೆಯ ತಂಪು ನೋಡುತ್ತೇನೆ, ಗಂಜಿ ಕುಡಿಯುತ್ತೇನೆ. ಜೊತೆಗಿರುವುದು ಮಾತುಗೂಡು ಒಂದೇ, ಅಂದರೆ ಮಾತನಾಡುವ ಗೋಡೆ. ಏನು ಹೇಳಿದರೂ 'ಸರಿ ತಾರಿಣಿ' ಎನ್ನುತ್ತದೆ. ಅದರ ಸಹವಾಸ ಸಾಕಾಗಿಹೋಗಿದೆ.

ಹಳೆಯ ಜೋಳದ ಡಬ್ಬಿಯಲ್ಲಿ ಪುಸ್ತಕ ಸಿಕ್ಕಿತು. ಇಂದುಮತಿ ಎಂಬ ಹುಡುಗಿ ತನ್ನ ಅಕ್ಕನಿಗೆ ಬರೆದ ಕಾಗದಗಳು. ದಿನಕ್ಕೆ ಒಂದೇ ಓದುತ್ತಿದ್ದೆ, ಅಂಚೆ ಬಂದ ಹಾಗೆ. 'ಅಕ್ಕಾ, ನೋಡಾಕ ಬಂದ ವರ ಹಾಡು ಬರತೈತೇನು ಅಂದ. ಮೊದಲ ನೀವ ಹಾಡ್ರಿ ಅಂದೆ. ಪಾಪ, ಹಾಡೇಬಿಟ್ಟ! ಅವ್ವ ಒಳಗ ನಕ್ಕು ನಕ್ಕು ಉಪ್ಪಿಟ್ಟು ಸೀಯಿಸಿದಳು.' ಪಕ್ಕದಲ್ಲಿ ನಿಮ್ಮ ಪೆನ್ಸಿಲ್: 'ನಾನೂ ಹೀಗೆ ಅನ್ನಬೇಕಿತ್ತು.' ನಕ್ಕು ಕಣ್ಣಲ್ಲಿ ನೀರು ಬಂತು.

ನಮ್ಮಲ್ಲಿ ಕಾದಂಬರಿ ಎಂಬುದಿಲ್ಲ. ಇಂದುಮತಿ ನಿಜವೆಂದೇ ನಂಬಿ, ಯಾವ ಊರಿನಲ್ಲಿ ತೀರಿಕೊಂಡಳು ತಿಳಿಸಿ ಎಂದು ಜನನ ಮರಣ ಕಚೇರಿಯನ್ನು ಕೇಳಿದೆ. 'ಅಮ್ಮಾ, ಆಕೆ ಹುಟ್ಟೇ ಇಲ್ಲವಲ್ಲ' ಎಂದರು. ಮೂರು ದಿನ ಊಟ ಸೇರಲಿಲ್ಲ.

ನನಗೂ ಒಬ್ಬ ಅಕ್ಕ ಇದ್ದಾಳೆ, ಸೌದಾಮಿನಿ, ಎದುರು ಗುಡ್ಡದ ಗೋಪುರದಲ್ಲಿ. ನಾನೇ ಏನೋ ಅಂದುಬಿಟ್ಟೆ. ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಅವಳ ಒಲೆಯ ಹೊಗೆ ಕಾಣುತ್ತದೆ. ಇಂದುಮತಿಯ ಅಕ್ಕನೂ ಮುನಿಸಿಕೊಂಡು ಉತ್ತರ ನಿಲ್ಲಿಸಿದ್ದಳು. 'ಬುಧವಾರ ರೈಲಿಗೆ ಬರ್ತೀನಿ. ಸಿಟ್ಟಿದ್ರ ಬೈಯಾಕಾದ್ರೂ ಸ್ಟೇಷನ್ನಿಗೆ ಬಾ' ಎಂದು ಇವಳು ಬರೆಯುತ್ತಾಳೆ. ಅದು ಪುಟ ನೂರ ತೊಂಬತ್ತು. ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿದೆ.

ಆ ಪುಟದ ಕೆಳಗೆ ಎರಡು ಬೆರಳು ಖಾಲಿ ಜಾಗವಿದೆ. ನಿಮ್ಮ 2024ರಲ್ಲಿ ಪುಸ್ತಕ ಇನ್ನೂ ಪೂರ್ತಿ ಇದೆಯಲ್ಲ, ಅಕ್ಕ ಬಂದಳೇ ಎಂದು ಅಲ್ಲಿ ಬರೆದಿಡಿ. ದಿನವೂ ತೆರೆದು ನೋಡುತ್ತೇನೆ. ಬಂದಳೆಂದು ಕಂಡ ದಿನ ನಾನೂ ಎದುರು ಗುಡ್ಡಕ್ಕೆ ಒಂದು ಕಾಗದ ಬರೆಯುತ್ತೇನೆ.

ಬರದೇ ಹೋಗಿದ್ದರೂ, ಸುಕನ್ಯಾ, ಬಂದಳೆಂದೇ ಬರೆಯಿರಿ.

ನಿಮ್ಮ,
ತಾರಿಣಿ