ನಾನೂರ ಹದಿನೆಂಟನೆಯ ಮಿದುಳಿನ ಬಗ್ಗೆ ಒಂದು ಕೇಳುಪತ್ರ

ಮಿದುಳುಮನೆ, ಧಾರವಾಡ
ಫೆಬ್ರವರಿ ೩೦, ೨೧೮೭, ಶುಕ್ರವಾರ

ಶ್ರೀಮತಿ ಮೆಹಬೂಬಿ ನದಾಫ್ ಅವರಿಗೆ,
ಪ್ರಯೋಗಾಲಯ ತಂತ್ರಜ್ಞೆ, ೨೦೨೬ನೇ ಇಸವಿ

ಮಾನ್ಯರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಿದ್ದಿರುತ್ತವೆ, ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಪ್ರಯೋಗಾಲಯದ ದಿನಚರಿಗಳಿಂದ ಕಲಿತವಳು. ಅವುಗಳಲ್ಲಿ ಅರ್ಧಕ್ಕರ್ಧ ‘ಫ್ರಿಜ್ ಮತ್ತೆ ಕೆಟ್ಟಿದೆ, ಮತ್ತೆ ಹೇಳಿದೆ’ ಎಂಬ ದೂರುಗಳೇ ಇವೆ.

ನನ್ನ ಹೆಸರು ಶಿವಲೀಲಾ. ನಿಮ್ಮ ಕೆಲಸವೇ ನನ್ನದು: ಮರೆವಿನ ರೋಗದಿಂದ ಸತ್ತವರ ಮಿದುಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿ, ಓದುವವರ ಮುಂದಿಡುವುದು. ನೀವು ಚೂರನ್ನು ಗಾಜಿನ ಪಟ್ಟಿಯ ಮೇಲೆ ಇಡುತ್ತಿದ್ದಿರಿ, ನಾವು ಕಣ್ಣುಮಣೆಯ ಮೇಲೆ ಇಡುತ್ತೇವೆ. ಊಟದ ಮಣೆಯಷ್ಟಿರುವ ಆ ಹಲಗೆಯ ಮೇಲಿಟ್ಟ ಚೂರು ಕೋಣೆಯಷ್ಟು ದೊಡ್ಡದಾಗಿ ಸುತ್ತ ನಿಲ್ಲುತ್ತದೆ, ನಾವು ಚಪ್ಪಲಿ ಬಿಟ್ಟು ಅದರೊಳಗೆ ನಡೆದಾಡುತ್ತೇವೆ. ಉಳಿದದ್ದೆಲ್ಲ ಹಾಗೇ ಇದೆ. ಎಂಟಕ್ಕೆ ಬಂದು ಮೇಣ ಕರಗಿಸಲು ಇಡುವುದು, ಮಧ್ಯಾಹ್ನ ಡಬ್ಬಿಯ ರೊಟ್ಟಿ ಮತ್ತು ಶೇಂಗಾ ಚಟ್ನಿ, ಮನೆಗೆ ಹೋದರೂ ಮೂಗು ಬಿಡದ ಫಾರ್ಮಲಿನ್ ವಾಸನೆ. ಸ್ಪಿರಿಟ್ಟಿನಲ್ಲಿ ಶಾಯಿ ತೊಳೆದುಹೋಗುತ್ತದೆ, ಚೂರಿಡುವ ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯಿರಿ ಎಂದು ಹೊಸಬರಿಗೆ ನಾನೂ ಮೊದಲ ದಿನವೇ ಹೇಳುತ್ತೇನೆ. ಮದುವೆ ಊಟ ಉಂಡವರು ಅಡುಗೆಯವರ ಹೆಸರು ಕೇಳುವುದಿಲ್ಲ, ನಮ್ಮ ಹೆಸರನ್ನೂ ಯಾರೂ ಕೇಳುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ೨೦೨೬ರ ಜುಲೈ ಒಂಬತ್ತರಂದು ನೀವು ಇಬ್ಬರು ಮುದುಕಿಯರ ಮಿದುಳನ್ನು ಒಂದೇ ಮೇಜಿನ ಮೇಲೆ ಹೆಚ್ಚಿದಿರಿ. ನಾನೂರ ಹದಿನೇಳನೆಯವಳು ಹನ್ನೆರಡು ವರ್ಷ ಎಲ್ಲವನ್ನೂ ಮರೆತು ಸತ್ತವಳು. ನಾನೂರ ಹದಿನೆಂಟನೆಯವಳು ತೊಂಬತ್ತೊಂದರಲ್ಲೂ ಮೊಮ್ಮಕ್ಕಳ ಜಾತಕ ಬಾಯಿಪಾಠ ಹೇಳುತ್ತಿದ್ದವಳು. ಆದರೆ ಹದಿನೆಂಟು ಎಂದು ಬರೆದ ಡಬ್ಬಿಯ ಚೂರುಗಳ ತುಂಬ ರೋಗದ ಗಂಟುಗಳಿವೆ. ಮಿದುಳಿಡೀ ರೋಗವಿದ್ದೂ ಬುದ್ಧಿ ನೆಟ್ಟಗಿತ್ತು ಎಂದರೆ ಅದರಲ್ಲಿ ಕಾಯುವ ವಸ್ತು ಏನೋ ಇದ್ದಿರಬೇಕು ಎಂದು ನಮ್ಮ ವಿಜ್ಞಾನಿಗಳು ಹುಡುಕಿದರು. ಆ ಡಬ್ಬಿಯಲ್ಲಷ್ಟೇ ಹೇರಳವಾಗಿದ್ದ ಒಂದು ರಸ ಸಿಕ್ಕಿತು. ಅದನ್ನೇ ತಯಾರಿಸಿ ‘ಹದಿನೆಂಟರ ಹನಿ’ ಎಂದು ಹೆಸರಿಟ್ಟರು. ಇಲಿಗಳಿಗೆ ಕೊಟ್ಟರು, ಇಲಿಗಳಿಗೆ ಏನೂ ಆಗಲಿಲ್ಲ. ಇಲಿಗೆ ಮರೆಯುವುದಕ್ಕಾದರೂ ಏನಿರುತ್ತದೆ? ಬರುವ ಸೋಮವಾರ ಮೊದಲ ಬಾರಿಗೆ ಮನುಷ್ಯರಿಗೆ, ಹನ್ನೊಂದು ಮಂದಿಯ ಬೆನ್ನುಹುರಿಗೆ, ಆ ಹನಿ ಇಳಿಯಬೇಕು. ಅವರಲ್ಲಿ ಒಬ್ಬ ನನ್ನ ತಮ್ಮ ಫಕೀರಪ್ಪ.

ಈ ನೂರ ಅರವತ್ತೊಂದು ವರ್ಷದಲ್ಲಿ ಎಲ್ಲರೂ ನಿಮ್ಮ ಚೂರನ್ನು ನೋಡಿದ್ದಾರೆ, ಡಬ್ಬಿಯನ್ನು ಯಾರೂ ನೋಡಿಲ್ಲ. ಹನ್ನೊಂದು ದಿನದ ಹಿಂದೆ ಧೂಳು ಒರೆಸುವಾಗ ನಾನು ನೋಡಿದೆ. ಹದಿನೆಂಟರ ಡಬ್ಬಿಯಲ್ಲಿ ಎಂಟರ ಅಡಿಯಲ್ಲಿ ಏಳು ಬರೆದು ಅಳಿಸಿದ ಗೀರು ಇದೆ. ಹದಿನೇಳರ ಡಬ್ಬಿಯಲ್ಲಿ ಏಳರ ಅಡಿಯಲ್ಲಿ ಎಂಟು ಇದೆ. ಪಕ್ಕದಲ್ಲಿ ನಿಮ್ಮದೇ ಸಹಿ. ದಿನಚರಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಹೆಸರು, ರಕ್ತ, ಬಂಧುಗಳ ವಿವರ ಎಲ್ಲ ಒಂದು ಪ್ರವಾಹದಲ್ಲಿ ಹೋಗಿವೆ, ಬೇರೆ ದಾರಿಯಿಂದ ತಾಳೆ ನೋಡುವಂತಿಲ್ಲ.

ಏನಾಗಿರಬಹುದು ಎಂದು ನಾನು ಊಹಿಸಬಲ್ಲೆ, ಏಕೆಂದರೆ ನಾನೂ ಹಾಗೇ ಮಾಡುತ್ತೇನೆ. ಬೆಳಿಗ್ಗೆ ಕೈ ಒಣಗಿರುವಾಗಲೇ ಡಬ್ಬಿಗಳ ಮೇಲೆಲ್ಲ ಸಂಖ್ಯೆ ಬರೆದಿಟ್ಟುಕೊಂಡಿರಿ. ಮಿದುಳು ಹೊರಗೆ ಬಂದ ಮೇಲೆ ಡಬ್ಬಿಗಳು ಅದಲುಬದಲಾದಂತೆ ಅನ್ನಿಸಿ, ಅಳಿಸಿ ತಿದ್ದಿದಿರಿ. ಹಾಗಾದರೆ ನನ್ನ ಪ್ರಶ್ನೆ ಒಂದೇ. ತಿದ್ದಿದಾಗ ನೀವು ತಪ್ಪನ್ನು ಸರಿ ಮಾಡಿದಿರೋ, ಸರಿಯಿದ್ದದ್ದನ್ನು ತಪ್ಪು ಮಾಡಿದಿರೋ? ಮೊದಲನೆಯದಾದರೆ ಹನಿ ನನ್ನ ತಮ್ಮನನ್ನು ಉಳಿಸಬಹುದು. ಎರಡನೆಯದಾದರೆ ಕಾಯುವ ರಸವೆಂದು ನಾವು ಸುರಿಯುತ್ತಿರುವುದು ರೋಗಿಯ ಮಿದುಳಿನ ಕೊಳೆ.

ಫಕೀರಪ್ಪ ಬಡಗಿ. ಈಗ ಒಂದೇ ಹಲಗೆಯನ್ನು ದಿನವಿಡೀ ಅಳೆಯುತ್ತಾನೆ, ಅಳತೆ ಹೇಳುವಷ್ಟರಲ್ಲಿ ಮರೆಯುತ್ತಾನೆ, ಮತ್ತೆ ಅಳೆಯುತ್ತಾನೆ. ಹೆಂಡತಿಯ ಹೆಸರು ಹೋಗಿದೆ. ಇಷ್ಟಾದರೂ ನಾನು ಮನೆಗೆ ಹೋದ ಕೂಡಲೇ ‘ಯಕ್ಕಾ, ಸೋಮವಾರ ಯಾವಾಗ ಬರ್ತೈತಿ?’ ಎಂದು ಕೇಳುತ್ತಾನೆ. ಈ ಸರದಿ ತಪ್ಪಿದರೆ ಮುಂದಿನದಕ್ಕೆ ಅವನಲ್ಲಿ ಉಳಿಸಲು ಏನೂ ಇರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೂತೆ ಎನ್ನುವುದೂ ಸುಳ್ಳು. ದಿನಕ್ಕೆ ಹತ್ತು ಸಲ ಕಪಾಟಿನ ತನಕ ಹೋಗಿ, ಡಬ್ಬಿ ತೆಗೆದು, ಬೆಳಕಿಗೆ ಹಿಡಿದು, ಮತ್ತೆ ಇಟ್ಟು ಬಂದಿದ್ದೇನೆ. ನಿಮ್ಮ ಮೇಲೆ ಸಿಟ್ಟೂ ಬಂದಿದೆ, ಮುಚ್ಚಿಡುವುದಿಲ್ಲ. ಒಂದು ಸಾಲು, ‘ಡಬ್ಬಿ ಅದಲುಬದಲಾಗಿತ್ತು, ತಿದ್ದಿದೆ’ ಎಂದು ಒಂದೇ ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬೈಸಿಕೊಳ್ಳುವ ಭಯವೇ? ಹೆಚ್ಚೆಂದರೆ ಒಂದು ಸಂಜೆಯ ಬೈಗುಳ ಅದು.

ಉಳಿದ ಹತ್ತು ಮಂದಿಗೂ ಅಕ್ಕಂದಿರೋ ಅಣ್ಣಂದಿರೋ ಇರುತ್ತಾರೆ. ಅವರು ಯಾರೂ ಡಬ್ಬಿ ನೋಡಿಲ್ಲ, ನೋಡಿದವಳು ನಾನೊಬ್ಬಳೇ.

ನಿಮ್ಮಲ್ಲಿ ಒಂದು ಬೇಡಿಕೆ. ಜುಲೈ ಒಂಬತ್ತು ಇನ್ನೂ ಬಂದಿಲ್ಲವಾದರೆ, ಆ ದಿನ ಒಂದು ಜಾಡಿ ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಿರಿ, ಮಿದುಳು ಕಣ್ಣೆದುರು ಇರುವಾಗಲೇ ಸಂಖ್ಯೆ ಬರೆಯಿರಿ. ಬಂದು ಹೋಗಿದ್ದರೆ, ದಿನಚರಿಯ ಅಂಚಿನಲ್ಲಾದರೂ ನಿಜ ಬರೆಯಿರಿ. ಉತ್ತರ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೂ ನಮ್ಮ ಮಿದುಳುಮನೆಯ ಕ್ರಮ ಹೀಗಿದೆ: ಸತ್ತವರ ಕೆಲಸವನ್ನು ಸಂದೇಹಿಸುವ ಮೊದಲು ಅವರಿಗೇ ಪತ್ರ ಬರೆದು ಕೇಳಬೇಕು, ಕೇಳದೆ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಬಾರದು. ಇದನ್ನೇ ಕೇಳುಪತ್ರ ಎನ್ನುತ್ತೇವೆ. ಸಹಿ ಬಿದ್ದ ಗಳಿಗೆಯಿಂದ ಆ ಸಂಖ್ಯೆಯ ಕಪಾಟು ಮುಚ್ಚುತ್ತದೆ, ಅದರಿಂದ ಮಾಡಿದ ಔಷಧಿ ಯಾರ ಮೈಗೂ ಇಳಿಯುವಂತಿಲ್ಲ. ಸಹಿ ಮಾಡದ ಕೇಳುಪತ್ರ ಬರೀ ಕಾಗದ. ನಿನ್ನೆಯಿಂದ ಈ ಪತ್ರವನ್ನು ಮೂರು ಸಲ ಬರೆದು ಹರಿದುಹಾಕಿದ್ದೇನೆ. ತಮ್ಮನಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಇಂತಿ,
(ಸಹಿ) ಶಿವಲೀಲಾ ಹಡಪದ