ಅಂಚೆ ಕಚೇರಿಯ ಮೆಟ್ಟಿಲು

ಮಾರ್ಚ್ ೧೪, ಗುರುವಾರ

ಇನ್ನೂ ಸಿಟ್ಟಿಗೆ ಮೈ ಉರಿಯುತ್ತಿದೆ. ಆಸ್ಪತ್ರೆಯಿಂದ ಬರುವಾಗ ಅಮ್ಮನ ಮಂಡಿ ಹಿಡಿದುಕೊಂಡಿತು. ರಸ್ತೆಬದಿಯ ಬೆಂಚುಗಳನ್ನೆಲ್ಲ ಹೋದ ತಿಂಗಳೇ ಕಿತ್ತುಹಾಕಿದ್ದಾರೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿದೆ. ಪೊಲೀಸಿನವನು ಬಂದ.

"ಇಲ್ಲಿ ಸುಮ್ನೆ ಕೂರಂಗಿಲ್ಲಮ್ಮ. ಜನ ಓಡಾಡೋ ಜಾಗ, ಹೊಸ ಕಾನೂನು. ಏಳಿ."

"ಸುಮ್ನೆ ಎಲ್ಲಿ ಕೂತಿದೀನಪ್ಪ? ನೋವು ತಡ್ಕೊಂಡು ಕೂತಿದೀನಿ," ಎಂದಳು ಅಮ್ಮ.

ಅವನು ದಂಡದ ಪುಸ್ತಕ ತೆಗೆದ. ನಾನೂ ಪಕ್ಕದಲ್ಲೇ ಕೂತು, "ನನ್ನ ಹೆಸರೂ ಬರ್ಕೊಳ್ಳಿ," ಎಂದೆ. ಪತ್ರ ಹಾಕಲು ಬಂದಿದ್ದ ಹೆಂಗಸೊಬ್ಬಳು ಏನೂ ಕೇಳದೆ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಅವನು ಪುಸ್ತಕ ಮುಚ್ಚಿ, "ಹತ್ತೇ ನಿಮಿಷ," ಎಂದು ಹೊರಟ.

ಮುಕ್ಕಾಲು ಗಂಟೆ ಕೂತೆವು. ನೋವು ಬೇಗನೇ ಇಳಿದಿತ್ತೆಂದು ಅಮ್ಮ ಮನೆಗೆ ಬಂದ ಮೇಲೆ ಹೇಳಿದಳು. ಮತ್ತೆ ಯಾಕೆ ಏಳಲಿಲ್ಲ ಎಂದು ಕೇಳಿದೆ.

"ಏಳೋ ಮನಸ್ಸಾಗ್ಲಿಲ್ಲ ಕಣೆ."

ಸೋಮವಾರ ಮತ್ತೆ ಆಸ್ಪತ್ರೆಗೆ ಹೋಗಬೇಕು. ಬರುವಾಗ ಅಲ್ಲೇ ಕೂರುತ್ತೇವೆ, ಮಂಡಿ ನೋಯಲಿ, ಬಿಡಲಿ.